ಕೊಳ್ಳುವುದು ಕಡಿಮೆಯಾದರೆ ಸಾಲವೂ ಕಡಿಮೆ, ಕಸವೂ ಕಡಿಮೆ
(ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಸ್ವಸಹಾಯ ಸಂಘಗಳ ಸದಸ್ಯೆಯರಿಗಾಗಿ ಮಾಡಿದ ಭಾಷಣ)



ವಾರದ ಸಭೆಯಲ್ಲಿ ನಾವು ಉಳಿತಾಯ ಕಟ್ಟುತ್ತೇವೆ, ಸಾಲದ ಕಂತು ಬರೆಸುತ್ತೇವೆ. ಆದರೆ ಮನೆಯಿಂದ ಹೊರಗೆ ಹೋಗುವ ಕಸದ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ. ಆ ಕಸವೂ ನಾವು ದುಡ್ಡು ಕೊಟ್ಟು ತಂದದ್ದೇ ಅಲ್ವಾ?

ಒಂದು ಲೆಕ್ಕ ಮಾಡೋಣ. ಶಾಂಪೂ ಪ್ಯಾಕೆಟ್ಟು, ಮಕ್ಕಳ ಕುರುಕಲು ತಿಂಡಿ ಅಂತ ದಿನಕ್ಕೆ 10 ರೂಪಾಯಿ ಹೋದರೆ ವರ್ಷಕ್ಕೆ 3,650 ರೂಪಾಯಿ. ತಿಂದದ್ದು ಒಂದು ಗಳಿಗೆ. ಪ್ಯಾಕೆಟ್ಟು ಮಾತ್ರ ಮಣ್ಣಲ್ಲಿ ಕರಗದೆ ಉಳಿಯುತ್ತೆ, ಚರಂಡಿ ಕಟ್ಟುತ್ತೆ. ಮಿಕ್ಕ ಅನ್ನವನ್ನು ಕವರಿನಲ್ಲಿ ಕಟ್ಟಿ ಎಸೆದರೆ ದನ ಕವರ್ ಸಮೇತ ನುಂಗುತ್ತೆ. ಅದು ಹೊಟ್ಟೆಯಲ್ಲಿ ಉಂಡೆಗಟ್ಟಿದರೆ ಮೇವು ಜೀರ್ಣವಾಗುವುದಿಲ್ಲ. ಸಾಲ ಮಾಡಿ ತಂದ ಹಸು ಸತ್ತರೂ ಕಂತು ನಿಲ್ಲುವುದಿಲ್ಲ.

ಬಚ್ಚಲ ಒಲೆಗೆ ಪ್ಲಾಸ್ಟಿಕ್ ಹಾಕಿ ಉರಿ ಹೊತ್ತಿಸುವ ರೂಢಿ ಹಲವು ಮನೆಗಳಲ್ಲಿದೆ. ಆ ಹೊಗೆ ವಿಷ. ಅದನ್ನು ಮೊದಲು ಕುಡಿಯುವುದು ಒಲೆ ಮುಂದೆ ಕೂತ ಹೆಂಗಸು, ಅವಳ ಪಕ್ಕದ ಮಗು. ತೆಂಗಿನ ಗರಿ, ಕಾಳು ಬಿಡಿಸಿದ ಮೆಕ್ಕೆಜೋಳದ ತೆನೆ ಸಾಕು, ಒಲೆ ಚೆನ್ನಾಗಿ ಹತ್ತುತ್ತೆ.

ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು ನಮ್ಮ ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿತು. ಒಮ್ಮೆ ಬಳಸಿ ಎಸೆಯುವ ತಟ್ಟೆ, ಲೋಟ, ಚಮಚಗಳಿಗೆ 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧವಿದೆ. ಆದರೂ ಸಂತೆಗೆ ಬಟ್ಟೆಚೀಲ ಒಯ್ಯಬೇಕಾದವರು ನಾವೇ. ನಾವು ಎಸೆದದ್ದು ಮಳೆಗಾಲದಲ್ಲಿ ಹಳ್ಳಕ್ಕೆ, ಹಳ್ಳದಿಂದ ತುಂಗಭದ್ರೆಗೆ, ಸೂಳೆಕೆರೆಗೆ ಸೇರುತ್ತೆ. ಕುಡಿಯುವ ನೀರೂ ಅದೇ.

ನಮ್ಮಲ್ಲಿ ಏನಿಲ್ಲ ಹೇಳಿ? ಚನ್ನಗಿರಿ ಕಡೆ ಅಡಿಕೆ ಹಾಳೆಗೆ ಬರವಿಲ್ಲ, ತಟ್ಟೆ ಮಾಡಿದರೆ ಅದೇ ಒಂದು ಉದ್ಯೋಗ. ಮಳೆ ಕಡಿಮೆ ಇರುವ ಜಗಳೂರಿನಲ್ಲಿ ಪಾತ್ರೆ ತೊಳೆದ ನೀರನ್ನು ನುಗ್ಗೆ, ಕರಿಬೇವಿನ ಬುಡಕ್ಕೆ ಹರಿಸಬಹುದು. ಹೊನ್ನಾಳಿ, ನ್ಯಾಮತಿಯ ಹಿತ್ತಲುಗಳಲ್ಲಿ ಸಗಣಿ, ತರಗೆಲೆ, ತರಕಾರಿ ಸಿಪ್ಪೆ ಒಂದೇ ಗುಂಡಿಗೆ ಹಾಕಿದರೆ ಗೊಬ್ಬರ. ಹಳೇ ಸೀರೆ ಇದ್ದರೆ ಕೌದಿ.

ಒಂದೊಂದು ಸಂಘವೂ 100 ಸ್ಟೀಲ್ ತಟ್ಟೆ, 100 ಲೋಟ ಕೊಂಡಿಟ್ಟರೆ ಊರಿನ ನಾಮಕರಣ, ಗೃಹಪ್ರವೇಶಕ್ಕೆ ಬಾಡಿಗೆಗೆ ಕೊಡಬಹುದು. ಸಂಘಕ್ಕೆ ಆದಾಯ, ಊರಿಗೆ ಕಸವಿಲ್ಲ.

ಇನ್ನು ಸಾಲದ ಮಾತು. ಮಗಳ ಓದಿಗೆ, ಹೈನುಗಾರಿಕೆಗೆ, ಔಷಧಿಗೆ ಸಾಲ ಮಾಡೋಣ, ತಪ್ಪಲ್ಲ. ಪಕ್ಕದ ಮನೆಗೆ ದೊಡ್ಡ ಟಿ.ವಿ. ಬಂತು ಅಂತ ನಾವೂ ಕಂತಿನಲ್ಲಿ ತಂದರೆ, ಒಂದು ಸಾಲ ತೀರಿಸಲು ಇನ್ನೊಂದು ಕಡೆ ಕೈ ಚಾಚಬೇಕಾಗುತ್ತೆ. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಕಾನೂನು ಕಿರುಕುಳ ತಡೆಯಬಹುದು. ಬೇಡದ ಸಾಲವನ್ನು ತಡೆಯುವವರು ನಾವೇ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ಆದ್ದರಿಂದ ಏನನ್ನಾದರೂ ಕೊಳ್ಳುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳೋಣ: ಇದು ನಿಜವಾಗಿ ಬೇಕಾ? ಇರುವುದನ್ನೇ ರಿಪೇರಿ ಮಾಡಿಸಬಹುದಾ? ಸಂಘದಲ್ಲಿ ಯಾರಿಂದಾದರೂ ಎರವಲು ಸಿಗುತ್ತಾ?

ಮುಂದಿನ ಸಭೆಗೆ ಬರುವಾಗ, ಈ ವಾರ ಕೊಳ್ಳದೆ ಬಿಟ್ಟ ಒಂದು ವಸ್ತು ಯಾವುದು, ಅದರಿಂದ ಎಷ್ಟು ಉಳಿಯಿತು ಅಂತ ಹೇಳೋಣ. ಆ ಹಣವನ್ನು ಉಳಿತಾಯದ ಪುಸ್ತಕಕ್ಕೆ ಸೇರಿಸೋಣ.