ಸರದಿ ಬರುವವರೆಗೆ ಕೂಸಿನ ಕಾಳಜಿ



ಬಾದಾಮಿ, ಹುನಗುಂದ, ಇಳಕಲ್ಲ ಕಡೆಯಿಂದ ಬಸ್ಸು ಹತ್ತಿ ಬಂದಿದ್ದೀರಿ. ಮಗ್ಗ ನಿಲ್ಲಿಸಿ ಬಂದವರಿದ್ದೀರಿ, ಕೂಲಿ ಬಿಟ್ಟು ಬಂದವರಿದ್ದೀರಿ. ಸೀಳುತುಟಿಯ ಕೂಸನ್ನು ಎತ್ತಿಕೊಂಡು ಬಂದರೆ, ಆಪರೇಶನ್‌ಗೆ ಇನ್ನೂ ಎರಡು ತಿಂಗಳು ತಡೆಯಿರಿ ಎನ್ನುತ್ತಾರೆ. ಬಡವರೆಂದು ಮುಂದೆ ಹಾಕುತ್ತಿದ್ದಾರೆಯೇ ಎಂಬ ಸಂಶಯ ಬರುವುದು ಸಹಜ. ಆದ್ದರಿಂದ ಕಾರಣವನ್ನು ಬಿಡಿಸಿ ಹೇಳುತ್ತೇನೆ.

ತುಟಿಯ ಆಪರೇಶನ್‌ಗೆ ವೈದ್ಯರು ಬಹುಕಾಲದಿಂದ ಮೂರು ಹತ್ತುಗಳ ಲೆಕ್ಕ ನೋಡುತ್ತ ಬಂದಿದ್ದಾರೆ. ಕೂಸಿಗೆ 10 ವಾರ ತುಂಬಿರಬೇಕು. ತೂಕ 10 ಪೌಂಡು, ಅಂದರೆ ಸುಮಾರು ನಾಲ್ಕೂವರೆ ಕಿಲೋ ಇರಬೇಕು. ರಕ್ತದಲ್ಲಿ ಹಿಮೋಗ್ಲೋಬಿನ್ 10 ಗ್ರಾಂ ಇರಬೇಕು. ಎಳೆಯ ಜೀವ ಅರಿವಳಿಕೆ ತಡೆದುಕೊಳ್ಳಲಿ, ಗಾಯ ಬೇಗ ಮಾಯಲಿ ಎಂದು ಈ ಲೆಕ್ಕ. ಅಂಗುಳವೂ ಸೀಳಿದ್ದರೆ ಅದರ ಆಪರೇಶನ್ ಬೇರೆ, ಸಾಮಾನ್ಯವಾಗಿ 9ರಿಂದ 18 ತಿಂಗಳೊಳಗೆ.

ಹೀಗಾಗಿ ಈ ದಿನಗಳಲ್ಲಿ ಕೂಸಿನ ತೂಕ ಹೆಚ್ಚಿಸುವುದೇ ನಿಮ್ಮ ಕಾಯಕ. ಚೀಪಲು ಬಾರದಿದ್ದರೆ ಎದೆಹಾಲನ್ನೇ ಹಿಂಡಿ, ಸ್ವಚ್ಛವಾದ ಚಮಚೆ ಅಥವಾ ಒಳಲೆಯಿಂದ ಕುಡಿಸಿರಿ. ಮಲಗಿಸಿ ಕುಡಿಸಬೇಡಿರಿ. ತಲೆ ಎತ್ತಿ ಹಿಡಿದು ಸ್ವಲ್ಪ ಸ್ವಲ್ಪವಾಗಿ ಕುಡಿಸಿ, ನಡುನಡುವೆ ಬೆನ್ನು ತಟ್ಟಿ ತೇಗು ತೆಗೆಸಿರಿ. ಮೂಗಿನಿಂದ ಸ್ವಲ್ಪ ಹಾಲು ಬಂದರೆ ಗಾಬರಿ ಬೇಡ. ಅಂಗನವಾಡಿಯಲ್ಲಿ ಆಗಾಗ ತೂಕ ಮಾಡಿಸಿರಿ. ಕೂಸು ಹಾಲು ಬಿಟ್ಟರೆ, ತೂಕ ಇಳಿದರೆ, ಉಸಿರಾಟಕ್ಕೆ ಕಷ್ಟಪಟ್ಟರೆ, ಕೊಟ್ಟ ತಾರೀಖು ಕಾಯದೆ ಅಂದೇ ಬನ್ನಿರಿ.

ಗ್ರಹಣದ ದಿನ ಹೊರಗೆ ಬಂದಳು, ಈಳಿಗೆ ಹಿಡಿದಳು ಎಂದು ತಾಯಿಯನ್ನು ಹಂಗಿಸುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಬಸುರಿನ ಮೊದಲ ಮೂರು ತಿಂಗಳೊಳಗೆ ಕೂಡಿಕೊಳ್ಳಬೇಕಾದ ತುಟಿ ಕೂಡದೆ ಉಳಿದದ್ದು ಇದು. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಅತ್ತೆಯವರೇ, ಸೊಸೆ ಹೊಟ್ಟೆತುಂಬ ಉಂಡು ನೆಮ್ಮದಿಯಿಂದಿದ್ದರೆ ಮೊಮ್ಮಗುವಿಗೆ ಹಾಲು.

ಕೆಮ್ಮು, ನೆಗಡಿ, ಜ್ವರ ಇದ್ದರೆ ಅರಿವಳಿಕೆ ಕೊಡುವುದು ಅಪಾಯ. ತಾರೀಖು ಕೆಲವು ವಾರ ಮುಂದೆ ಹೋಗುತ್ತದೆ. ಬಸ್ಸು ಹತ್ತುವ ಮೊದಲೇ ಆಸ್ಪತ್ರೆಗೆ ಫೋನ್ ಮಾಡಿ ಕೇಳಿರಿ, ಒಂದು ದಿನದ ಕೂಲಿ ಉಳಿದೀತು. 2018ರಲ್ಲಿ ಬಂದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯ ಅನುಮತಿಗೂ ದಿನ ಹಿಡಿಯುತ್ತದೆ. ರೇಷನ್ ಕಾರ್ಡು, ಆಧಾರ್ ಮೊದಲ ಭೇಟಿಗೇ ತನ್ನಿರಿ.

ಆಪರೇಶನ್ ದಿನದ ಕಾಯುವಿಕೆ ಎಲ್ಲಕ್ಕಿಂತ ಕಠಿಣ. ಸಾಮಾನ್ಯವಾಗಿ ಎದೆಹಾಲನ್ನು 4 ತಾಸು ಮೊದಲು, ಆಕಳ ಹಾಲು ಮತ್ತು ಊಟವನ್ನು 6 ತಾಸು ಮೊದಲು ನಿಲ್ಲಿಸಲು ಹೇಳುತ್ತಾರೆ. ಕೂಸು ಅಳುತ್ತದೆ, ಅಜ್ಜಿಯ ಕರುಳು ತಡೆಯುವುದಿಲ್ಲ, ಯಾರೂ ನೋಡದಂತೆ ಎರಡು ಗುಟುಕು ಕುಡಿಸುತ್ತಾರೆ. ಅರಿವಳಿಕೆಯಲ್ಲಿ ಆ ಹಾಲು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಕುಡಿಸಿಬಿಟ್ಟಿದ್ದರೆ ಮುಚ್ಚಿಡಬೇಡಿರಿ, ಕೂಡಲೇ ನರ್ಸಮ್ಮನಿಗೆ ಹೇಳಿರಿ. ಆಪರೇಶನ್ ಕೆಲವು ತಾಸು, ಹೆಚ್ಚೆಂದರೆ ಒಂದು ದಿನ ತಡವಾದೀತು. ಹೇಳಿದ ಹೊತ್ತು ಮೀರಿದರೂ ಕರೆ ಬಾರದಿದ್ದರೆ ಸಂಕೋಚಪಡದೆ ಹೋಗಿ ವಿಚಾರಿಸಿರಿ; ಇನ್ನೂ ತಡವಿದ್ದರೆ ನಡುವೆ ಕೂಸಿಗೆ ಏನು ಕೊಡಬಹುದೆಂದು ಅವರೇ ತಿಳಿಸುತ್ತಾರೆ.