ಶೇಕಡಾ ಅರವತ್ತರ ಲೆಕ್ಕ



ಕೆಲವು ವರ್ಷಗಳ ಹಿಂದೆ ಶಿವಮೊಗ್ಗದ ವಿದ್ಯಾನಗರದಲ್ಲಿ ಆರೋಗ್ಯ ಕಾರ್ಯಕ್ರಮವೊಂದರ ಚಿತ್ರೀಕರಣ ಮುಗಿಸಿ ಕೇಬಲ್ ಸುತ್ತಿಡುತ್ತಿದ್ದೆವು. ಕಾಲೇಜು ಹುಡುಗನೊಬ್ಬ ಹಿಂದೆ ಉಳಿದು ಮೆಲ್ಲಗೆ ಕೇಳಿದ: "ಸಾರ್, ಸುನ್ನತಿ ಮಾಡಿಸಿಕೊಂಡ್ರೆ ಏಡ್ಸ್ ಬರೋದಿಲ್ವಂತೆ, ಹೌದಾ?" ವಿಜ್ಞಾನ ಓದಿದವನೆಂಬ ಜಂಬದಲ್ಲಿ ನಾನು, "ಶೇಕಡಾ 60ರಷ್ಟು ರಕ್ಷಣೆ ಇದೆ" ಎಂದುಬಿಟ್ಟೆ. "ಹಾಗಾದ್ರೆ ನೂರರಲ್ಲಿ ಅರವತ್ತು ಜನಕ್ಕೆ ಬರೋದೇ ಇಲ್ಲ" ಎಂದು ಅವನು ನಿಶ್ಚಿಂತನಾಗಿ ಹೊರಟುಹೋದ. ಅಂದು ಅವನಿಗೆ ಹೇಳಬೇಕಾಗಿದ್ದನ್ನು ಇಂದು ನಿಮಗೆ ಹೇಳುತ್ತೇನೆ.

ಶಿಶ್ನದ ಮುಂದೊಗಲನ್ನು ತೆಗೆಯುವುದೇ ಸುನ್ನತಿ. ಮುಸ್ಲಿಮರಲ್ಲಿ, ಯಹೂದಿಗಳಲ್ಲಿ ಅದು ಧಾರ್ಮಿಕ ಆಚರಣೆ. ಆ ವಿಚಾರ ಬೇರೆ. ರೋಗ ತಡೆಯಲು ಅದನ್ನು ನೆಚ್ಚಬಹುದೇ ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ದಕ್ಷಿಣ ಆಫ್ರಿಕಾ, ಕೀನ್ಯಾ ಮತ್ತು ಉಗಾಂಡಗಳಲ್ಲಿ ನಡೆದ ಮೂರು ಪ್ರಯೋಗಗಳ ಫಲಿತಾಂಶ 2005 ಮತ್ತು 2007ರಲ್ಲಿ ಪ್ರಕಟವಾಯಿತು. ಕೀನ್ಯಾದ ಕಿಸುಮುವಿನಲ್ಲಿ 2,784 ಯುವಕರನ್ನು, ಚೀಟಿ ಎತ್ತಿದ ಹಾಗೆ, ಎರಡು ಗುಂಪು ಮಾಡಿದರು. ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ 22 ಮಂದಿಗೆ, ಇನ್ನೊಂದರಲ್ಲಿ 47 ಮಂದಿಗೆ ಎಚ್‌ಐವಿ ತಗುಲಿತು. ಎರಡು ವರ್ಷಗಳ ಲೆಕ್ಕದಲ್ಲಿ ನೂರಕ್ಕೆ 4.2 ಇದ್ದದ್ದು 2.1ಕ್ಕೆ ಇಳಿಯಿತು. ಅರ್ಧಕ್ಕರ್ಧ ಇಳಿದದ್ದು ನಿಜವೇ, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ನೂರು ಮಂದಿಗೆ ಶಸ್ತ್ರಚಿಕಿತ್ಸೆಯಾದಾಗ ಸೋಂಕಿನಿಂದ ಪಾರಾದವರು ಸುಮಾರು ಇಬ್ಬರು! ಶೇಕಡಾವಾರು ರಕ್ಷಣೆ ಎಂದರೆ ಸೋಂಕು ತಗುಲಬಹುದಾಗಿದ್ದವರಲ್ಲಿ ಎಷ್ಟು ಪಾಲು ಉಳಿದರು ಎಂದು. ಎಲ್ಲ ನೂರು ಮಂದಿಯಲ್ಲಿ ಎಷ್ಟು ಎಂದಲ್ಲ. ಹುಡುಗ ಎಡವಿದ್ದು ಇಲ್ಲೇ. ಎಡವಿಸಿದವನು ನಾನು.

ಈ ರಕ್ಷಣೆ ಕಂಡುಬಂದದ್ದು ಹೆಣ್ಣಿನಿಂದ ಗಂಡಿಗೆ ಹರಡುವ ಸೋಂಕಿನಲ್ಲಿ. ಸೋಂಕಿತ ಪುರುಷರಿಗೆ ಸುನ್ನತಿ ಮಾಡಿ ಉಗಾಂಡದಲ್ಲಿ ನಡೆಸಿದ ಮತ್ತೊಂದು ಪ್ರಯೋಗದಲ್ಲಿ ಅವರ ಸಂಗಾತಿಯರಿಗೆ ರಕ್ಷಣೆ ಕಾಣಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಇದನ್ನು ಶಿಫಾರಸು ಮಾಡಿದ್ದು ಸೋಂಕು ವಿಪರೀತವಾಗಿದ್ದ ನಾಡುಗಳಿಗೆ. ಅದೂ ಕಾಂಡೋಮ್ ಜೊತೆಗೆ, ಅದರ ಬದಲಿಗಲ್ಲ.

ಇನ್ನು ನಮ್ಮ ಮನೆಯ ಲೆಕ್ಕ. 2021ರ ಅಂದಾಜಿನಂತೆ ಭಾರತದ ವಯಸ್ಕರಲ್ಲಿ ಎಚ್‌ಐವಿ ಇದ್ದವರು ನೂರಕ್ಕೆ ಸುಮಾರು 0.2. ಅಪಾಯವೇ ಕಡಿಮೆಯಿದ್ದಲ್ಲಿ ಅದೇ ಶಸ್ತ್ರಚಿಕಿತ್ಸೆಯಿಂದ ಉಳಿಯುವವರು ಇನ್ನೂ ಕಡಿಮೆ. ಒಂದು ಕಾಲಕ್ಕೆ ಕರ್ನಾಟಕವೂ ದೇಶದ ಆರು ಹೆಚ್ಚು ಸೋಂಕಿನ ರಾಜ್ಯಗಳಲ್ಲೊಂದಾಗಿತ್ತು. ಸುನ್ನತಿಯ ಯಾವ ಸರ್ಕಾರಿ ಕಾರ್ಯಕ್ರಮವೂ ಇಲ್ಲದೆ ಇಲ್ಲಿ ಸೋಂಕು ಇಳಿಯಿತು. ಕಾಂಡೋಮ್, ರಕ್ತಪರೀಕ್ಷೆ, ಲೈಂಗಿಕ ಕಾರ್ಯಕರ್ತೆಯರೇ ಮುಂದೆ ನಿಂತು ಮೂಡಿಸಿದ ಜಾಗೃತಿ, 2004ರಿಂದ ದೇಶದಲ್ಲಿ ಆರಂಭವಾದ ಉಚಿತ ಔಷಧ – ಇವು ನಾವು ಹಿಡಿದ ದಾರಿ.

ಆದ್ದರಿಂದ ಇಂಥ ಅಂಕಿ ಕಿವಿಗೆ ಬಿದ್ದಾಗ ಕೇಳಿ: ಎಷ್ಟು ಜನರಲ್ಲಿ ಎಷ್ಟು? ಯಾವ ಊರಿನಲ್ಲಿ? ಉಳಿದ ಅಪಾಯವೆಷ್ಟು? ಸಂಶಯವಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಉಚಿತ, ಗೋಪ್ಯ. 1097ಕ್ಕೆ ಫೋನ್ ಮಾಡಿಯೂ ಕೇಳಬಹುದು.

ವಿದ್ಯಾನಗರದ ಆ ಹುಡುಗ ಇದನ್ನು ಓದುತ್ತಿದ್ದರೆ, ಅಂದು ಟಿ.ವಿ. ಸಾರ್ ಹೇಳಿದ್ದು ಅರೆಬರೆ ಲೆಕ್ಕವೆಂದು ತಿಳಿಯಲಿ. ಮಿಕ್ಕದ್ದನ್ನು ಗೆಳೆಯರಿಗೂ ಹೇಳಲಿ.