ನೆಟ್ಟ ದಾಳಿಂಬೆಯ ಸಸಿ ಬಾಡಿದರೆ ಮಾಡತಕ್ಕದ್ದು



ವಿಜಯಪುರದ ಸೊಲ್ಲಾಪುರ ರಸ್ತೆಯ ಮನೆಗಳ ಹಿತ್ತಲಲ್ಲಿಯೂ, ತಿಕೋಟಾ ಬಬಲೇಶ್ವರಗಳ ಹೊಲಗಳಲ್ಲಿಯೂ ದಾಳಿಂಬೆಯನ್ನು ನೆಡುವುದುಂಟು. ನೆಟ್ಟ ಹದಿನೈದು ದಿನಗಳೊಳಗಾಗಿ ಸಸಿಯು ಎಲೆಗಳನ್ನು ಜೋಲು ಬಿಟ್ಟಿತೆಂದರೆ ಒಡೆಯನು ಒಂದು ಕೊಡ ನೀರು ಸುರಿಯುವನು. ಮರುದಿನ ಎರಡು ಕೊಡ ಸುರಿಯುವನು. ಆಗಲೂ ಚೇತರಿಸದಿದ್ದರೆ ಒಂದು ಹಿಡಿ ಯೂರಿಯಾ ಹಾಕುವನು. ಹೀಗೆ ಬದುಕತಕ್ಕ ಸಸಿಯೂ ಸಾಯುವುದು. ಬಾಡಿದ ಸಸಿಯೆಲ್ಲವೂ ನೀರು ಬೇಡುವುದಿಲ್ಲ; ಬೇರು ಕೆಟ್ಟು ನೀರನ್ನು ಹೀರಲಾರದೆ ಹೋದಾಗಲೂ ಎಲೆಯು ಬಾಡುವುದು. ಆದುದರಿಂದ ಮೊದಲು ಪರೀಕ್ಷೆ, ಬಳಿಕ ಉಪಚಾರ.

ಪರೀಕ್ಷೆಯ ಕ್ರಮ:— ಉಗುರಿನಿಂದ ತೊಗಟೆಯನ್ನು ತುಸು ಕೆರೆದು ನೋಡತಕ್ಕದ್ದು. ಒಳಗೆ ಹಸುರಿದ್ದರೆ ಜೀವವುಂಟು. ತರುವಾಯ ಬೇರಿಗೆ ನೋವಾಗದಂತೆ ಬುಡದ ಬದಿಯಲ್ಲಿ ಒಂದು ಗೇಣು ಆಳದ ಮಣ್ಣನ್ನು ತೆಗೆದು ಮುಷ್ಟಿಯಲ್ಲಿ ಹಿಡಿಯಬೇಕು. ಸಸಿಯನ್ನು ಮಧ್ಯಾಹ್ನದಲ್ಲಿ ಮಾತ್ರವಲ್ಲದೆ ಬೆಳಗಿನ ತಂಪಿನಲ್ಲಿಯೂ ನೋಡಬೇಕು.

ನೀರಿನ ಕೊರತೆ:— ಮಣ್ಣು ಪುಡಿಯಾಗಿ ಉದುರಿ, ಸಸಿಯು ಮಧ್ಯಾಹ್ನ ಬಾಡಿ ಬೆಳಿಗ್ಗೆ ಚೇತರಿಸಿದರೆ ಅದು ಬಾಯಾರಿಕೆ. ಸುತ್ತಲಿನ ನೆಲವು ಹಸಿಯಾಗಿದ್ದರೂ ಚೀಲದಿಂದ ಬಂದ ಮಣ್ಣಿನ ಗಡ್ಡೆಯು ಒಳಗೆ ಒಣಗಿರುವುದುಂಟು. ಬುಡಕ್ಕೆ ನೀರನ್ನು ನಿಧಾನವಾಗಿ ಇಂಗಿಸಿ, ಜೋಳದ ಕಣಿಕೆಯಿಂದ ಪಡುವಣ ಬಿಸಿಲಿಗೆ ಮರೆ ಕಟ್ಟತಕ್ಕದ್ದು. ನೆಲಕ್ಕೆ ರವದಿಯನ್ನು ಹೊದಿಸಬೇಕು. ಅದು ಕಾಂಡವನ್ನು ಮುಟ್ಟಕೂಡದು.

ನೀರಿನ ಹೆಚ್ಚಳ:— ಮಣ್ಣು ಅಂಟಾಗಿ, ದುರ್ವಾಸನೆ ಬಂದು, ಸಸಿಯು ಬೆಳಿಗ್ಗೆಯೂ ಬಾಡಿದ್ದರೆ ಬೇರು ಉಸಿರುಗಟ್ಟಿದೆಯೆಂದು ತಿಳಿಯಬೇಕು. ಎರೆ ಭೂಮಿಯಲ್ಲಿ ತೋಡಿದ ತೆಗ್ಗು ನೀರು ತುಂಬಿದ ಹರವಿಯಂತಾಗುವುದು. ಮಡ್ಡಿ ಭೂಮಿಯಲ್ಲಿ ಈ ಭಯ ಕಡಿಮೆ. ನೀರನ್ನು ಕೂಡಲೇ ನಿಲ್ಲಿಸಿ, ಬಸಿಗಾಲುವೆ ತೆಗೆಯಬೇಕು. ಚೇತರಿಸದಿದ್ದರೆ ಗಡ್ಡೆಸಹಿತ ಎತ್ತಿ, ಕೊಳೆತ ಬೇರನ್ನು ಕತ್ತರಿಸಿ, ಒಂದು ಅಡಿ ಎತ್ತರದ ದಿಬ್ಬದ ಮೇಲೆ ಸಂಜೆಯ ವೇಳೆ ನೆಡತಕ್ಕದ್ದು.

ನೆಡುವಿಕೆಯ ದೋಷ:— ಪ್ಲಾಸ್ಟಿಕ್ ಚೀಲವನ್ನು ತೆಗೆಯದೆ ನೆಟ್ಟರೆ ಬೇರು ಒಳಗೇ ಸುತ್ತಿಕೊಳ್ಳುವುದು. ಕಾಂಡವು ಆಳಕ್ಕೆ ಹೂತರೆ ಕೊಳೆಯುವುದು. ಚೀಲದ ಮಣ್ಣಿನ ಮೇಲ್ಮಟ್ಟವು ನೆಲದ ಮಟ್ಟಕ್ಕೆ ಸರಿಯಾಗಿರಬೇಕು. ಎಲೆಯ ಅಂಚು ಸುಟ್ಟಂತಾದರೆ ಹಸಿ ಗೊಬ್ಬರವೋ, ಸರಕಾರಿ ಗೊಬ್ಬರವೋ, ಉಪ್ಪು ನೀರೋ ಕಾರಣವಾಗಿರಬಹುದು. ನೆಲದಲ್ಲಿ ನೀರು ಬಸಿಯುವಂತಿದ್ದರೆ ಸಿಹಿ ನೀರಿನಿಂದ ಉಪ್ಪನ್ನು ತೊಳೆಯಬೇಕು. ಹೊಸ ಚಿಗುರು ಬರುವವರೆಗೆ ಯಾವ ಗೊಬ್ಬರವೂ ಬೇಡ. ಹೂ ಬಿಟ್ಟರೆ ಚಿವುಟಬೇಕು.

ಸೊರಗು ರೋಗ:— ಮೊದಲು ಒಂದು ಟೊಂಗೆ ಹಳದಿಯಾಗಿ, ಕ್ರಮೇಣ ಇಡೀ ಗಿಡ ಒಣಗಿ, ಬುಡವನ್ನು ಕೊಯ್ದಾಗ ಒಳಗಟ್ಟಿಗೆಯಲ್ಲಿ ಕಂದುಗಪ್ಪು ಕಲೆ ಕಂಡರೆ ಎಚ್ಚರ ವಹಿಸತಕ್ಕದ್ದು. ಆಗಿನ ಬಿಜಾಪುರ ಜಿಲ್ಲೆಯಲ್ಲಿ ಈ ರೋಗವು 1990ರ ಸುಮಾರಿಗೆ ಕಾಣಿಸಿಕೊಂಡಿತು. ಸೆರಟೋಸಿಸ್ಟಿಸ್ ಎಂಬ ಬೂಷ್ಟು ಇದಕ್ಕೆ ಕಾರಣವೆಂದು 1996ರಲ್ಲಿ ಗೊತ್ತಾಯಿತು. ಇಂತಹ ಗಿಡವನ್ನು ಬದುಕಿಸುವ ಆಸೆಯನ್ನು ಬಿಡಬೇಕು. ಬೇರುಸಹಿತ ಕಿತ್ತು ಸುಡಬೇಕು; ಆ ತೆಗ್ಗಿನ ನೀರನ್ನು ನೆರೆಯ ಗಿಡಕ್ಕೆ ಹರಿಯಗೊಡಬಾರದು; ಅಲ್ಲಿ ಬಳಸಿದ ಸಲಿಕೆ ಕತ್ತರಿಗಳನ್ನು ತೊಳೆಯದೆ ಬೇರೆಡೆ ಒಯ್ಯಕೂಡದು. ಉಳಿದ ಗಿಡಗಳಿಗೆ ಹಾಕತಕ್ಕ ಔಷಧವನ್ನು ಕೃಷಿ ವಿಜ್ಞಾನ ಕೇಂದ್ರದಲ್ಲಾಗಲಿ, 2005ರಲ್ಲಿ ಸೊಲ್ಲಾಪುರದಲ್ಲಿ ಸ್ಥಾಪಿತವಾದ ದಾಳಿಂಬೆಯ ರಾಷ್ಟ್ರೀಯ ಸಂಶೋಧನಾ ಕೇಂದ್ರದಲ್ಲಾಗಲಿ ಕೇಳಿ ತಿಳಿಯುವುದು ಉತ್ತಮ.

ಗ್ರಾಮದ ಪ್ರಮುಖರ ಹೊಣೆ ಇಲ್ಲಿಯೇ ಇದೆ. ನೀರಿನಿಂದ ಬಾಡಿದ ಸಸಿಯ ನಷ್ಟ ಒಬ್ಬನದು. ರೋಗದ ಮಣ್ಣು ನೀರಿನೊಡನೆ ಒಡ್ಡು ದಾಟಿದರೆ ನಷ್ಟ ಊರಿನದು. ರೋಗದ ತೋಟದಲ್ಲಿ ಕಟ್ಟಿದ ಗೂಟಿಗಳನ್ನು, ಅಗ್ಗವೆಂದು, ಯಾರೂ ಕೊಳ್ಳದಂತೆ ಹಿರಿಯರು ತಿಳಿಹೇಳಬೇಕು. ಸಸಿ ಬಾಡಿದ ದಿನ ಕೊಡವನ್ನು ಎತ್ತುವ ಮೊದಲು ಮಣ್ಣನ್ನು ಮುಟ್ಟಿ ನೋಡುವ ರೂಢಿಯು ಮನೆಮನೆಯಲ್ಲಿ ಬೆಳೆಯತಕ್ಕದ್ದು.